ಜೀವಕೋಶದ ಅಂಚೆ ಮತ್ತು ಮನೆತನದ ಹೊಣೆ

ಕನ್ನಡ ನಾಡಿನಲ್ಲಿ ಶಿರೂರು ಎಂಬ ಹೆಸರಿನ ಊರು ಒಂದಲ್ಲ, ಹಲವು. ಬಾಗಲಕೋಟೆಯ ಸಮೀಪದ ಶಿರೂರು ಒಂದು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರಿತ್ತ ಶಿರೂರು ಇನ್ನೊಂದು. ೨೦೨೪ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ಅಂಕೋಲೆಯ ಕಡೆಯ ಶಿರೂರು ಮತ್ತೊಂದು. ಗಡಿಯಾಚೆ ಪುಣೆ ಜಿಲ್ಲೆಯಲ್ಲಿಯೂ ಒಂದು ಶಿರೂರು ಉಂಟು. ಲಕೋಟೆಯ ಮೇಲೆ ಬರಿಯ ‘ಶಿರೂರು’ ಎಂದಷ್ಟೇ ಬರೆದು ಪೆಟ್ಟಿಗೆಗೆ ಹಾಕಿದರೆ ಆ ಓಲೆ ಯಾವ ಊರನ್ನು ಸೇರಬೇಕು? ಈ ಬಗೆಯ ತೊಡಕನ್ನು ಬಿಡಿಸಲೆಂದೇ ಭಾರತದ ಅಂಚೆ ಇಲಾಖೆಯು ೧೯೭೨ನೆಯ ಇಸವಿಯ ಆಗಸ್ಟ್ ೧೫ರಂದು ಆರು ಅಂಕೆಗಳ ಪಿನ್ ಸಂಖ್ಯೆಯನ್ನು ಜಾರಿಗೆ ತಂದಿತು. ಅದರ ಮೊದಲಿನ ೫ ಎಂಬ ಅಂಕೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯವನ್ನು ಹೇಳುತ್ತದೆ; ೫೮೭ ಎಂಬ ಮೂರು ಅಂಕೆಗಳು ಕೂಡಿ ಬಾಗಲಕೋಟೆಯ ಸೀಮೆಯನ್ನು ಗುರುತಿಸುತ್ತವೆ; ಉಳಿದ ಮೂರು ಅಂಕೆಗಳು ಬಟವಾಡೆಯ ಕಚೇರಿಯನ್ನು ತೋರುತ್ತವೆ. ಬಾಗಲಕೋಟೆಗೆ ೫೮೭೧೦೧, ಬಾದಾಮಿಗೆ ೫೮೭೨೦೧, ಇಳಕಲ್ಲಿಗೆ ೫೮೭೧೨೫. ಈ ಏರ್ಪಾಟನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸರಕಾರದ ಹಿರಿಯ ಅಧಿಕಾರಿಗಳಾಗಿದ್ದಂತೆಯೇ ಸಂಸ್ಕೃತ ಕವಿಗಳೂ ಆಗಿದ್ದರೆಂಬುದು ಭಾಷಾಧ್ಯಾಪಕರಿಗೆ ಅಭಿಮಾನದ ಸಂಗತಿ.

ಮನುಷ್ಯದೇಹದ ಒಂದೊಂದು ಜೀವಕೋಶದೊಳಗೂ ಇಂಥದೇ ಒಂದು ಅಂಚೆಯ ಏರ್ಪಾಟು ಎಡೆಬಿಡದೆ ನಡೆಯುತ್ತಿದೆ. ಅದು ಕೆಟ್ಟಾಗ ಹುಟ್ಟುವ ವ್ಯಾಧಿಗಳು ಕೆಲವು ಮನೆಗಳಲ್ಲಿ ಎಳೆಯ ಮಕ್ಕಳನ್ನು ಕಾಡುತ್ತವೆ. ಅಂಥ ಮನೆಯಲ್ಲಿ ಮೊದಲು ನಿಂದೆಗೆ ಗುರಿಯಾಗುವವಳು ಸಾಮಾನ್ಯವಾಗಿ ತಾಯಿ. ಅನಂತರ ಪೂರ್ವಜನ್ಮದ ಪಾಪ, ಗ್ರಹಗತಿ, ಯಾರದೋ ಕಣ್ಣು. ಕೋಶದೊಳಗಣ ಈ ವ್ಯವಹಾರವನ್ನು ಕನ್ನಡದಲ್ಲಿ, ಹಳ್ಳಿಯ ಶಾಲೆಯಲ್ಲಿ, ತಿಳಿಯುವಂತೆ ಹೇಳಿದರೆ ಆ ನಿಂದೆಗೆ ಆಸರೆ ಉಳಿಯುವುದಿಲ್ಲ. ಅಷ್ಟೇ ಅಲ್ಲದೆ, ಸೋದರಸಂಬಂಧದ ಮದುವೆಯ ಮಾತುಕತೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ಮನೆತನಗಳಿಗೆ ಬರುತ್ತದೆ. ಇಲ್ಲಿ ಪ್ರತಿಪಾದಿಸಬೇಕಾದ ವಿಷಯ ಇಷ್ಟೇ. ಆದರೆ ಅದಕ್ಕೆ ಮುನ್ನ ಆ ಅಂಚೆ ಎಂತಹುದು ಎಂಬುದನ್ನು ಅರಿಯುವುದು ಅವಶ್ಯ.

ಜೀವಕೋಶವು ಅತಿ ಚಿಕ್ಕದು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದೆರಡು ಪಾಲಿನಷ್ಟು ಅದರ ಅಗಲ. ಆದರೆ ಅದರೊಳಗೆ ಕೋಣೆಗಳಿವೆ, ಗೋಡೆಗಳಿವೆ, ಓಣಿಗಳಿವೆ. ದೇಹದ ಕೆಲಸವನ್ನೆಲ್ಲ ನಡೆಸುವ ಪ್ರೋಟೀನುಗಳನ್ನು, ಅಂದರೆ ಹಿಂದಿನ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆದ ವಸ್ತುಗಳನ್ನು, ರೈಬೋಸೋಮುಗಳೆಂಬ ಕಮ್ಮಟಗಳು ತಯಾರಿಸುತ್ತವೆ. ಅಮೈನೊ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ಸರವೇ ಪ್ರೋಟೀನು. ಪೋಣಿಸುವ ಕ್ರಮವನ್ನು ಬರೆದಿಟ್ಟ ಜೀನುಗಳು ಮನುಷ್ಯನಲ್ಲಿ ಸುಮಾರು ೨೦,೦೦೦. ಹೀಗೆ ತಯಾರಾದ ಪ್ರೋಟೀನುಗಳಲ್ಲಿ ಕೆಲವು ಕೋಶದ ಹೊದಿಕೆಯಲ್ಲಿ ನೆಲೆಸಬೇಕು, ಕೆಲವು ಒಳಕೋಣೆಗಳಿಗೆ ಹೋಗಬೇಕು, ಕೆಲವು ಕೋಶವನ್ನೇ ಬಿಟ್ಟು ರಕ್ತಕ್ಕೆ ಇಳಿಯಬೇಕು. ಎಲ್ಲಿ ಇರಬೇಕೋ ಅಲ್ಲಿ ಇಲ್ಲದ ಪ್ರೋಟೀನು, ಎಷ್ಟೇ ಸರಿಯಾಗಿ ತಯಾರಾಗಿದ್ದರೂ, ಕೋಶದ ಪಾಲಿಗೆ ಇಲ್ಲದಂತೆಯೇ ಸರಿ.

ಈ ಸಂಚಾರದ ಹಾದಿಯನ್ನು ಮೊದಲು ಕಂಡು ತೋರಿಸಿದವರಲ್ಲಿ ರುಮೇನಿಯಾ ದೇಶದಲ್ಲಿ ಹುಟ್ಟಿದ ಜಾರ್ಜ್ ಪಲಾಡೆ ಅಗ್ರಗಣ್ಯರು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಅವರೂ ಅವರ ಸಂಗಡಿಗರೂ ಮೇದೋಜೀರಕ ಗ್ರಂಥಿಯ ಕೋಶಗಳಿಗೆ ವಿಕಿರಣಶೀಲ ಅಮೈನೊ ಆಮ್ಲವನ್ನು ಉಣ್ಣಿಸಿ, ಹೊಸದಾಗಿ ಹುಟ್ಟಿದ ಪ್ರೋಟೀನು ಕ್ಷಣಕ್ಷಣಕ್ಕೂ ಎಲ್ಲಿದೆಯೆಂಬುದನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ಮೊದಲು ಅದು ಮಡಿಕೆಮಡಿಕೆಯಾದ ಒಳಜಾಲಿಕೆಯನ್ನು ಹೊಕ್ಕಿತು; ಅಲ್ಲಿಂದ ಇಟಲಿಯ ಕಾಮಿಲ್ಲೊ ಗಾಲ್ಗಿ ೧೮೯೮ರಲ್ಲಿ ವರ್ಣಿಸಿದ ಗಾಲ್ಗಿ ಸಂಪುಟಕ್ಕೆ ಸಾಗಿತು; ಅಲ್ಲಿಂದ ಪುಟ್ಟ ಸಂಚಿಗಳಲ್ಲಿ ತುಂಬಿಕೊಂಡು ಕೋಶದ ಅಂಚಿಗೆ ಬಂದು ಹೊರಬಿದ್ದಿತು. ಹೋಲಿಕೆಗೆ ಹೇಳುವುದಾದರೆ ಒಳಜಾಲಿಕೆಯು ಓಲೆಯನ್ನು ಸ್ವೀಕರಿಸುವ ಕಚೇರಿ, ಗಾಲ್ಗಿ ಸಂಪುಟವು ವಿಂಗಡಣೆಯ ಕಚೇರಿ, ಸಂಚಿಗಳು ಟಪಾಲಿನ ಚೀಲಗಳು. ಈ ಕೆಲಸಕ್ಕಾಗಿ ಪಲಾಡೆಯವರಿಗೆ ೧೯೭೪ರಲ್ಲಿ ಆಲ್ಬರ್ಟ್ ಕ್ಲಾಡ್ ಮತ್ತು ಕ್ರಿಶ್ಚಿಯನ್ ಡಿ ಡ್ಯೂವ್ ಅವರೊಂದಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹಾದಿ ತಿಳಿಯಿತು, ಆದರೆ ಓಲೆಯ ಮೇಲಣ ವಿಳಾಸ ಎಲ್ಲಿದೆ? ಅದೇ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಗುಂಟರ್ ಬ್ಲೋಬೆಲ್ ಅವರು ಡೇವಿಡ್ ಸಬಾಟಿನಿಯವರೊಂದಿಗೆ ೧೯೭೧ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ಪ್ರೋಟೀನಿನ ಸರದಲ್ಲಿಯೇ, ಅದರ ಮೊದಲ ತುದಿಯಲ್ಲಿ, ಅದು ಹೋಗಬೇಕಾದ ಎಡೆಯನ್ನು ಸೂಚಿಸುವ ಕೆಲವು ಮಣಿಗಳಿವೆ. ಮುಂದಿನ ವರ್ಷಗಳ ಪ್ರಯೋಗಗಳು ಈ ಊಹೆಯನ್ನು ಸಿದ್ಧಪಡಿಸಿದವು. ಸಿಹಿಮೂತ್ರ ರೋಗದ ಕಾರಣದಿಂದ ಮನೆಮನೆಗೂ ಪರಿಚಿತವಾದ ಇನ್ಸುಲಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮನುಷ್ಯನ ಕೋಶ ಮೊದಲಿಗೆ ಹೊಸೆಯುವುದು ೧೧೦ ಮಣಿಗಳ ಸರವನ್ನು. ಅದರ ಮೊದಲ ೨೪ ಮಣಿಗಳೇ ವಿಳಾಸ. ಆ ವಿಳಾಸವನ್ನು ಓದಿ ಒಳಜಾಲಿಕೆಯ ಬಾಗಿಲು ತೆರೆಯುತ್ತದೆ. ಸರವು ಒಳಹೊಕ್ಕೊಡನೆ ಒಂದು ಕಿಣ್ವವು ವಿಳಾಸದ ತುಣುಕನ್ನು ಕತ್ತರಿಸಿ ತೆಗೆಯುತ್ತದೆ. ಉಳಿದ ೮೬ ಮಣಿಗಳ ಸರ ಮಡಿಸಿಕೊಂಡು, ನಡುವಣ ಭಾಗವನ್ನೂ ಕಳೆದುಕೊಂಡು, ಕೊನೆಗೆ ೫೧ ಮಣಿಗಳ ಇನ್ಸುಲಿನ್ ಆಗಿ ರಕ್ತಕ್ಕೆ ಇಳಿಯುತ್ತದೆ.

ವ್ಯಾಕರಣವನ್ನು ಅಭ್ಯಸಿಸಿದವರಿಗೆ ಇದು ತೀರ ಅಪರಿಚಿತ ವಿಷಯವಲ್ಲ. ಪಾಣಿನಿಯ ಶಾಸ್ತ್ರದಲ್ಲಿ ಧಾತು, ಪ್ರತ್ಯಯಗಳಿಗೆ ‘ಇತ್’ ಎಂಬ ಸಂಜ್ಞೆಯ ಅಕ್ಷರಗಳನ್ನು ಅಂಟಿಸುವುದುಂಟು. ಯಾವ ಕಾರ್ಯ ನಡೆಯಬೇಕು, ಗುಣವಾಗಬೇಕೆ, ವೃದ್ಧಿಯಾಗಬೇಕೆ ಎಂಬುದನ್ನು ಆ ಅಕ್ಷರ ಸೂಚಿಸುತ್ತದೆ. ಸೂಚನೆ ಕೊಟ್ಟು ತಾನು ಲೋಪವಾಗುತ್ತದೆ. ಸಿದ್ಧವಾದ ಪದದಲ್ಲಿ ಅದನ್ನು ಹುಡುಕಿದರೆ ಸಿಗದು. ಆದರೆ ಅದಿಲ್ಲದಿದ್ದರೆ ಪದ ಸರಿಯಾಗಿ ಸಿದ್ಧಿಸುತ್ತಿರಲಿಲ್ಲ. ಬ್ಲೋಬೆಲ್ ಕಂಡ ವಿಳಾಸದ ತುಣುಕು ಅಂತಹುದು. ಎರಡೂ ಒಂದೇ ಎಂದಾಗಲಿ, ಪೂರ್ವಿಕರಿಗೆ ಕೋಶಶಾಸ್ತ್ರ ತಿಳಿದಿತ್ತೆಂದಾಗಲಿ ಹೇಳುವುದು ಹುಸಿಹೆಮ್ಮೆಯಾದೀತು. ತಿಳಿದುದರ ನೆರವಿನಿಂದ ತಿಳಿಯದುದನ್ನು ಗ್ರಹಿಸುವ ಅನುಕೂಲ ಕನ್ನಡ ವಿದ್ಯಾರ್ಥಿಗೂ ಇದೆ ಎಂಬುದಷ್ಟೇ ಇಲ್ಲಿಯ ಮಾತು.

ಬ್ಲೋಬೆಲ್ ಅವರಿಗೆ ೧೯೯೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಾಲ್ಯದಲ್ಲಿ, ೧೯೪೫ರಲ್ಲಿ, ಯುದ್ಧಕ್ಕೆ ಹೆದರಿ ಓಡಿಬರುತ್ತಿದ್ದ ಕುಟುಂಬದೊಡನೆ ಅವರು ಡ್ರೆಸ್ಡನ್ ನಗರವನ್ನು ಹಾದುಬಂದಿದ್ದರು. ಕೆಲವೇ ದಿನಗಳಲ್ಲಿ ಆ ಸುಂದರ ನಗರ ಬಾಂಬಿನ ಮಳೆಗೆ ಸುಟ್ಟುಹೋಯಿತು. ಪಾರಿತೋಷಕದ ಹಣದ ಬಹುತೇಕ ಭಾಗವನ್ನು ಅವರು ಅದೇ ನಗರದ ಪುನರುಜ್ಜೀವನಕ್ಕೆ, ಅಲ್ಲಿಯ ಹಳೆಯ ಇಗರ್ಜಿ ಮತ್ತು ಯೆಹೂದ್ಯರ ಹೊಸ ಪ್ರಾರ್ಥನಾಮಂದಿರಗಳ ನಿರ್ಮಾಣಕ್ಕೆ ದಾನವಾಗಿತ್ತರು. ದಾನಿಗಳ ಕೈಯಲ್ಲಿ ಸೇರುವ ಸಂಪುಟದಲ್ಲಿ ಈ ಸಂಗತಿಯನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಇನ್ನು ಟಪಾಲಿನ ಚೀಲಗಳ ವಿಚಾರ. ಒಂದು ಸಂಚಿ ಒಂದು ಕೋಣೆಯಿಂದ ಮೊಗ್ಗಿನಂತೆ ಒಡೆದು, ಸರಿಯಾದ ಇನ್ನೊಂದು ಕೋಣೆಯ ಗೋಡೆಯನ್ನೇ ಹುಡುಕಿ ಅದರೊಡನೆ ಬೆರೆಯುವುದು ಹೇಗೆ? ಅಮೆರಿಕದ ರ್‍ಯಾಂಡಿ ಶೆಕ್‌ಮನ್ ಅವರು ಯೀಸ್ಟ್ ಎಂಬ ಹುದುಗಿನ ಜೀವಿಯಲ್ಲಿ, ಸಂಚಾರ ನಿಂತು ಸಂಚಿಗಳು ಒಟ್ಟೊಟ್ಟಾಗಿ ಬಿದ್ದಿರುವ ವಿಕೃತಿಗಳನ್ನು ಆರಿಸಿ ತೆಗೆದು, ಯಾವ ಯಾವ ಜೀನು ಕೆಟ್ಟರೆ ಹಾದಿ ಎಲ್ಲೆಲ್ಲಿ ಕಟ್ಟಿಕೊಳ್ಳುತ್ತದೆಂದು ತೋರಿಸಿದರು. ಜೇಮ್ಸ್ ರೋಥ್‌ಮನ್ ಅವರು ಸಂಚಿಯ ಮೇಲಣ ಪ್ರೋಟೀನೂ ಗೋಡೆಯ ಮೇಲಣ ಪ್ರೋಟೀನೂ ಒಂದಕ್ಕೊಂದು ಹೊಂದಿ ಹೆಣೆದುಕೊಂಡಾಗ ಮಾತ್ರ ಎರಡೂ ಬೆರೆಯುತ್ತವೆಂಬುದನ್ನು ಸಿದ್ಧಾಂತಪಡಿಸಿದರು. ಇಳಕಲ್ಲಿನ ನೇಕಾರನು ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದನ್ನು ಕಂಡವರಿಗೆ ಈ ಹೆಣಿಗೆಯ ಕಲ್ಪನೆ ಸುಲಭವಾಗಿ ಬಂದೀತು. ಎಳೆ ತಪ್ಪಿದರೆ ಸೆರಗು ಕೂಡದು. ಥಾಮಸ್ ಸುಡಾಫ್ ಅವರು ನರಕೋಶಗಳಲ್ಲಿ ಈ ಬೆರಕೆಯು ಕ್ಯಾಲ್ಸಿಯಂ ಸೂಚನೆ ಕೊಟ್ಟ ಕ್ಷಣದಲ್ಲಿಯೇ ಹೇಗೆ ನಡೆಯುತ್ತದೆಂಬುದನ್ನು ವಿವರಿಸಿದರು. ಮೂವರಿಗೂ ೨೦೧೩ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಲಾಯಿತು.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದ ಒಬೈದ್ ಸಿದ್ದಿಕಿಯವರು, ಅದಕ್ಕೂ ಬಹಳ ಮೊದಲು, ೧೯೭೬ರಲ್ಲಿ ಸೀಮೋರ್ ಬೆಂಜರ್ ಅವರೊಂದಿಗೆ, ಕಾವು ಏರಿದೊಡನೆ ಮೂರ್ಛೆಹೋದಂತೆ ಬಿದ್ದುಬಿಡುವ ಹಣ್ಣಿನ ನೊಣಗಳ ತಳಿಗಳನ್ನು ಕುರಿತು ಪ್ರಬಂಧ ಪ್ರಕಟಿಸಿದ್ದರು. ಅವುಗಳಲ್ಲೊಂದರ ಕೆಟ್ಟ ಜೀನು ಯಾವುದೆಂಬುದು ೧೯೯೦ರ ದಶಕದಲ್ಲಿ ಗೊತ್ತಾಯಿತು. ಅದು ರೋಥ್‌ಮನ್ ಪ್ರತ್ಯೇಕಿಸಿದ್ದ, ಹೆಣೆದುಕೊಂಡ ಎಳೆಗಳನ್ನು ಬಿಡಿಸಿ ಮತ್ತೆ ಬಳಕೆಗೆ ಒದಗಿಸುವ ಪ್ರೋಟೀನಿನ ಜೀನು! ಸಿದ್ದಿಕಿಯವರು ೨೦೧೩ರ ಜುಲೈಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ನೆಟ್ಟ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಮೊದಲಾದವರು ಕೋಶವು ಹೊರಗಿನ ವಸ್ತುಗಳನ್ನು ಒಳಗೆ ತೆಗೆದುಕೊಳ್ಳುವ ಬಗೆಯನ್ನು ಕುರಿತು ಲೋಕವು ಗಮನಿಸುವ ಸಂಶೋಧನೆ ನಡೆಸಿದ್ದಾರೆ.

ಈಗ ವ್ಯಾಧಿಯ ಮಾತಿಗೆ ಬರಬಹುದು. ಕೋಶದಲ್ಲಿ ಲೈಸೋಸೋಮು ಎಂಬ ಒಂದು ಕೋಣೆ ಇದೆ. ೧೯೫೫ರಲ್ಲಿ ಡಿ ಡ್ಯೂವ್ ಅದಕ್ಕೆ ಈ ಹೆಸರಿಟ್ಟರು. ಹಳತಾದ, ಮುರಿದ, ಬೇಡವಾದ ವಸ್ತುಗಳನ್ನು ಕರಗಿಸಿ ಮತ್ತೆ ಬಳಕೆಗೆ ತರುವ ಹತ್ತಾರು ಕಿಣ್ವಗಳು ಅಲ್ಲಿ ಕೆಲಸ ಮಾಡುತ್ತವೆ. ಈ ಕಿಣ್ವಗಳು ಗಾಲ್ಗಿ ಸಂಪುಟಕ್ಕೆ ಬಂದಾಗ ಅವುಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆಗೆ ರಂಜಕದ ಮುದ್ರೆಯನ್ನು ಒತ್ತಲಾಗುತ್ತದೆ. ಆ ಮುದ್ರೆಯೇ ಲೈಸೋಸೋಮಿನ ವಿಳಾಸ. ಕೆಲವು ಮಕ್ಕಳಲ್ಲಿ ಮುದ್ರೆ ಒತ್ತುವ ಕಿಣ್ವವೇ ಇರುವುದಿಲ್ಲ. ಆಗ ಹತ್ತಾರು ಕಿಣ್ವಗಳು ಕುಂದಿಲ್ಲದಂತೆ ತಯಾರಾಗಿಯೂ ವಿಳಾಸವಿಲ್ಲದೆ ಕೋಶದ ಹೊರಗೆ ಬಿದ್ದು ರಕ್ತದಲ್ಲಿ ಅಲೆಯುತ್ತವೆ. ಲೈಸೋಸೋಮಿನಲ್ಲಿ ಕಸ ಕರಗದೆ ತುಂಬುತ್ತದೆ. ೧೯೬೭ರಲ್ಲಿ ವರ್ಣಿತವಾದ, ಐ-ಸೆಲ್ ರೋಗವೆಂದು ಹೆಸರಾದ ಈ ವ್ಯಾಧಿಯಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ, ಕೀಲುಗಳು ಬಿರುಸಾಗುತ್ತವೆ, ಮುಖದ ಲಕ್ಷಣ ದಪ್ಪಗಾಗುತ್ತದೆ. ಬಹುಪಾಲು ಮಕ್ಕಳು ಹತ್ತು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಾರೆ.

ಐ-ಸೆಲ್ ರೋಗ ತೀರ ವಿರಳ. ಆದರೆ ಲೈಸೋಸೋಮಿನ ಯಾವುದಾದರೊಂದು ಕಿಣ್ವ ಮಾತ್ರವೇ ಕೆಟ್ಟು ಕಸ ಸಂಗ್ರಹವಾಗುವ ರೋಗಗಳು ಐವತ್ತರಷ್ಟು ಇವೆ. ಗೌಶೆ, ಪಾಂಪೆ, ಹರ್ಲರ್, ಹಂಟರ್ ಎಂದು ಅವನ್ನು ಮೊದಲು ವರ್ಣಿಸಿದ ವೈದ್ಯರ ಹೆಸರಿನಿಂದ ಕರೆಯುತ್ತಾರೆ. ಇನ್ನು ಕೆಲವು ರೋಗಗಳಲ್ಲಿ ಪ್ರೋಟೀನು ಹಾದಿಯಲ್ಲಿಯೇ ತಡೆಹಿಡಿಯಲ್ಪಡುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯಲ್ಲಿ ೧೪೮೦ ಮಣಿಗಳ ಸರದಲ್ಲಿ ೫೦೮ನೆಯ ಒಂದೇ ಮಣಿ ಬಿದ್ದುಹೋಗಿರುವುದು ಅತಿ ಸಾಮಾನ್ಯ ಕಾರಣ. ಆ ಸರ ಸರಿಯಾಗಿ ಮಡಿಸಿಕೊಳ್ಳಲಾರದು; ಒಳಜಾಲಿಕೆಯ ಕಾವಲು ಅದನ್ನು ಮುಂದಕ್ಕೆ ಬಿಡದು. ಕೋಶದ ಹೊದಿಕೆಯಲ್ಲಿ ನಿಂತು ಲವಣವನ್ನು ಹಾಯಿಸಬೇಕಾದ ಬಾಗಿಲು ಅಲ್ಲಿಗೆ ತಲುಪುವುದೇ ಇಲ್ಲ. ಲಕ್ಷಣಗಳು ಬೇರೆಬೇರೆಯಾದರೂ ಈ ರೋಗಗಳೆಲ್ಲದರ ತಿರುಳು ಒಂದೇ: ಇರಬೇಕಾದ ಎಡೆಯಲ್ಲಿ ಇರಬೇಕಾದ ಕೆಲಸಗಾರನಿಲ್ಲ.

ರೋಗದ ತಿರುಳು ತಿಳಿದುದರಿಂದಲೇ ಚಿಕಿತ್ಸೆಯ ಹಾದಿಯೂ ತೆರೆಯಿತು. ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಾಲಯದಲ್ಲಿ ೧೯೬೮ರಲ್ಲಿ ಹರ್ಲರ್ ರೋಗಿಯ ಕೋಶಗಳನ್ನೂ ಹಂಟರ್ ರೋಗಿಯ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಲಾಯಿತು. ಒಂದೊಂದೇ ಬೆಳೆದಾಗ ರೋಗಗ್ರಸ್ತವಾಗಿದ್ದ ಎರಡೂ ಬಗೆಯ ಕೋಶಗಳು ಕೂಡಿ ಬೆಳೆದಾಗ ಸುಧಾರಿಸಿದವು! ಒಂದರಲ್ಲಿ ಇಲ್ಲದ ಕಿಣ್ವವನ್ನು ಇನ್ನೊಂದು ಹೊರಚೆಲ್ಲಿತ್ತು. ಮೊದಲನೆಯದು ಅದರ ವಿಳಾಸವನ್ನು ಓದಿ ಒಳಗೆ ತೆಗೆದುಕೊಂಡಿತ್ತು. ಹೊರಗಿನಿಂದ ಬಂದ ಕಿಣ್ವವೂ, ಸರಿಯಾದ ವಿಳಾಸ ಹೊತ್ತಿದ್ದರೆ, ಲೈಸೋಸೋಮನ್ನು ತಲುಪಬಲ್ಲುದೆಂಬುದು ಹೀಗೆ ಸಿದ್ಧವಾಯಿತು. ಇದೇ ತತ್ತ್ವದ ಮೇಲೆ ಗೌಶೆ ರೋಗಕ್ಕೆ ೧೯೯೧ರಲ್ಲಿ, ಹರ್ಲರ್ ರೋಗಕ್ಕೆ ೨೦೦೩ರಲ್ಲಿ, ಪಾಂಪೆ ರೋಗಕ್ಕೆ ೨೦೦೬ರಲ್ಲಿ ಕಿಣ್ವದ ಚುಚ್ಚುಮದ್ದುಗಳು ಅಮೆರಿಕದಲ್ಲಿ ಮಾನ್ಯವಾದವು. ನರಕ್ಕೆ ನೀಡಿದ ಈ ಕಿಣ್ವ ಮಿದುಳನ್ನು ಮಾತ್ರ ತಲುಪಲಾರದು; ಆದುದರಿಂದ ಎಲ್ಲ ರೋಗಗಳಿಗೂ ಇದು ಪೂರ್ಣ ಪರಿಹಾರವಾಗದು. ಬದುಕಿನುದ್ದಕ್ಕೂ ನಡೆಸಬೇಕಾದ ಚಿಕಿತ್ಸೆ ಇದು.

ಅದರ ವೆಚ್ಚವೋ ಬಡವರಿರಲಿ, ಶ್ರೀಮಂತರಿಗೂ ಭಾರ. ಹತ್ತು ಕಿಲೋ ತೂಕದ ಮಗುವಿಗೆ ವರ್ಷಕ್ಕೆ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗೂ ಮಿಕ್ಕಿ ತಗಲಬಹುದೆಂದು, ಮಗು ಬೆಳೆದಂತೆ ಮದ್ದಿನ ಪ್ರಮಾಣವೂ ವೆಚ್ಚವೂ ಬೆಳೆಯುವುವೆಂದು, ಕೇಂದ್ರ ಸರಕಾರದ ೨೦೨೧ರ ರಾಷ್ಟ್ರೀಯ ವಿರಳ ರೋಗ ನೀತಿಯೇ ಹೇಳುತ್ತದೆ. ಆ ನೀತಿಯಡಿ ಒಬ್ಬ ರೋಗಿಗೆ ೫೦ ಲಕ್ಷ ರೂಪಾಯಿಯವರೆಗೆ ನೆರವು ನೀಡಲು ೨೦೨೨ರಲ್ಲಿ ನಿರ್ಧಾರವಾಯಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಕೂಡಿ ಅದರಲ್ಲಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ನೆರವು ದೊಡ್ಡದೇ ಅಹುದು. ಆದರೆ ವರ್ಷಕ್ಕೆ ಕೋಟಿ ಬೇಡುವ ಮದ್ದಿಗೆ ಐವತ್ತು ಲಕ್ಷ ಎಷ್ಟು ತಿಂಗಳು ಸಾಕಾದೀತೆಂಬ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾದುದಲ್ಲ. ಬಂದ ಮೇಲೆ ಕಾದಾಡುವುದು ಇಷ್ಟು ದುಸ್ತರವಾದ ವ್ಯಾಧಿಯ ವಿಷಯದಲ್ಲಿ ಬರುವ ಮುನ್ನ ಎಚ್ಚರ ವಹಿಸುವುದೇ ವಿವೇಕ.

ಈ ಎಚ್ಚರವು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮನೆತನಗಳಿಗೆ ಸಂಬಂಧಿಸುವುದು ಇಲ್ಲಿಯೇ. ಮೇಲೆ ಹೇಳಿದ ರೋಗಗಳಲ್ಲಿ ಬಹುಪಾಲು ಅಪ್ರಭಾವಿ ಬಗೆಯವು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಒಂದೊಂದು ಜೀನಿನ ಎರಡು ಪ್ರತಿಗಳಿರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುವುದರಿಂದ ಆ ವ್ಯಕ್ತಿ ಪೂರ್ಣ ಆರೋಗ್ಯವಂತನಾಗಿಯೇ ಇರುತ್ತಾನೆ. ಕೆಟ್ಟ ಪ್ರತಿ ತನ್ನಲ್ಲಿದೆಯೆಂಬ ಅರಿವೂ ಅವನಿಗಿರುವುದಿಲ್ಲ. ಅಂಥ ಇಬ್ಬರು ದಂಪತಿಗಳಾದಾಗ ಮಾತ್ರ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಕೆಟ್ಟ ಪ್ರತಿಗಳೆರಡೂ ಬರುವ ಸಂಭವವಿರುತ್ತದೆ. ಹೊರಗಿನ ಇಬ್ಬರಲ್ಲಿ ಒಂದೇ ಜೀನು ಕೆಟ್ಟಿರುವುದು ಅಪರೂಪ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಅದು ಅಷ್ಟು ಅಪರೂಪವಲ್ಲ. ಸೋದರಮಾವನೂ ಸೋದರಸೊಸೆಯೂ ತಮ್ಮ ಜೀನುಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲನ್ನು, ಸೋದರತ್ತೆ-ಸೋದರಮಾವಂದಿರ ಮಕ್ಕಳು ಎಂಟನೆಯ ಒಂದು ಪಾಲನ್ನು, ಒಂದೇ ಮೂಲದಿಂದ ಪಡೆದಿರುತ್ತಾರೆ.

ಕರ್ನಾಟಕದಲ್ಲಿ ಇಂತಹ ವಿವಾಹಗಳೆಷ್ಟು? ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿ ರಾವ್ ಅವರು ೧೯೮೦ರಲ್ಲಿ ಆರಂಭಿಸಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಭಾರತದಲ್ಲಿ ಆ ಬಗೆಯ ಕಾರ್ಯಕ್ಕೆ ಅದೇ ನಾಂದಿ. ಅದೇ ಕಾಲಕ್ಕೆ ಅವರು ಬ್ರಿಟಿಷ್ ವಿದ್ವಾಂಸ ಅಲನ್ ಬಿಟಲ್ಸ್ ಅವರೊಂದಿಗೆ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮೂರು ಮದುವೆಗಳಲ್ಲಿ ಸುಮಾರು ಒಂದು ರಕ್ತಸಂಬಂಧದೊಳಗಿನದೆಂದು ಕಂಡುಬಂದಿತು. ಅವುಗಳಲ್ಲಿ ಬಹುಪಾಲು ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ವರಿಸಿದವು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಾಗಿಯೇ ಇದೆ. ನಾಲ್ಕು ದಶಕಗಳಲ್ಲಿ ಶಾಲೆಗಳು ಹೆಚ್ಚಿದವು, ರಸ್ತೆಗಳು ಬಂದವು. ರೂಢಿ ಮಾತ್ರ ಹೆಚ್ಚು ಸಡಿಲಲಿಲ್ಲ.

ರೂಢಿಯನ್ನು ಹಳಿಯುವುದು ಸುಲಭ. ಅದರ ಕಾರಣಗಳನ್ನು ತಿಳಿಯುವುದು ನ್ಯಾಯ. ಹೊಲ ಹರಿದು ಹಂಚಿಹೋಗಬಾರದು, ಮಗಳು ಗುರುತಿಲ್ಲದ ಮನೆಯಲ್ಲಿ ಕಣ್ಣೀರಿಡಬಾರದು, ಕೊಟ್ಟ ಮನೆಗೂ ತಂದ ಮನೆಗೂ ಕರುಳುಬಳ್ಳಿ ಕಡಿಯಬಾರದು ಎಂಬ ಆಶಯಗಳಲ್ಲಿ ಕೆಡುಕಿಲ್ಲ. ಸೋದರಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಆಗಿರುತ್ತಾರೆ ಎಂಬುದೂ ಸತ್ಯ. ಇದನ್ನು ಮುಚ್ಚಿಟ್ಟು ಹೆದರಿಸಿದರೆ ಹಳ್ಳಿಯ ಜನ ನಂಬರು, ಏಕೆಂದರೆ ಕಣ್ಣೆದುರಿಗೆ ಆಡುವ ಮಕ್ಕಳನ್ನು ಅವರು ಕಂಡಿದ್ದಾರೆ. ಹೇಳಬೇಕಾದುದು ಇಷ್ಟು: ಅಪಾಯ ಎಲ್ಲ ಮನೆಗಳಲ್ಲಿಯೂ ಸಮನಲ್ಲ. ಯಾವ ಮನೆತನದಲ್ಲಿ ಎಳೆಯ ಮಕ್ಕಳು ಕಾರಣ ತಿಳಿಯದೆ ತೀರಿಕೊಂಡಿದ್ದಾರೆಯೋ, ಅಥವಾ ಒಂದೇ ಬಗೆಯ ನ್ಯೂನತೆ ಎರಡನೆಯ ಬಾರಿ ಕಾಣಿಸಿಕೊಂಡಿದೆಯೋ, ಆ ಮನೆತನದಲ್ಲಿ ಮತ್ತೆ ಒಳಗೊಳಗೇ ಹೆಣ್ಣು ತರುವುದು ಕುರುಡು ಸಾಹಸ.

ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಒಂದೇ ಬೆಡಗಿನವರು ಮದುವೆಯಾಗಬಾರದೆಂಬ ಕಟ್ಟಳೆಯುಂಟು. ತೀರ ಹತ್ತಿರದ ಕೂಡಿಕೆ ತಕ್ಕುದಲ್ಲವೆಂಬ ಭಾವನೆ ಹಿರಿಯರಿಗೂ ಇದ್ದಿತೆಂಬುದಕ್ಕೆ ಆ ಕಟ್ಟಳೆಯೇ ಸಾಕ್ಷಿ. ಆದರೆ ಬೆಡಗು ಎಣಿಸುವುದು ತಂದೆಯ ಬಳ್ಳಿಯನ್ನು ಮಾತ್ರ; ಪ್ರಕೃತಿ ತಾಯಿಯ ಬಳ್ಳಿಯನ್ನೂ ಅಷ್ಟೇ ತೂಕದಿಂದ ಎಣಿಸುತ್ತದೆ. ಅಕ್ಕನ ಮಗಳು ಬೇರೆ ಬೆಡಗಿನವಳಾದರೂ ಜೀನುಗಳ ಲೆಕ್ಕದಲ್ಲಿ ಹತ್ತಿರದವಳೇ. ಹಿರಿಯರ ಎಚ್ಚರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುವುದು ಅವರಿಗೆ ಅಗೌರವವಲ್ಲ.

ಎಲ್ಲಕ್ಕೂ ಮಿಗಿಲಾಗಿ ನಿಲ್ಲಬೇಕಾದುದು ತಾಯಿಯ ಮೇಲಣ ನಿಂದೆ. ಅಪ್ರಭಾವಿ ರೋಗ ಬಂದ ಮಗುವಿಗೆ ಒಂದು ಕೆಟ್ಟ ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿರುತ್ತದೆ. ಇ‌ಬ್ಬರ ಪಾಲೂ ಸಮ, ಇಬ್ಬರಿಗೂ ಅದರ ಅರಿವಿಲ್ಲ, ಇಬ್ಬರದೂ ತಪ್ಪಿಲ್ಲ. ಗ್ರಹಣಕಾಲದಲ್ಲಿ ಹೊರಬಂದುದರಿಂದಲೋ, ಬಸಿರಲ್ಲಿ ಏನನ್ನೋ ತಿಂದುದರಿಂದಲೋ ಕಿಣ್ವದ ವಿಳಾಸ ಅಳಿಸಿಹೋಗದು. ಸೊಸೆಯನ್ನು ತವರಿಗೆ ಅಟ್ಟಿ ಮಗನಿಗೆ ಇನ್ನೊಂದು ಮದುವೆ ಮಾಡುವ ಮನೆ, ಮಗನ ಪಾಲಿನ ಕೆಟ್ಟ ಪ್ರತಿಯನ್ನು ಮನೆಯಲ್ಲಿಯೇ ಇರಿಸಿಕೊಂಡಿರುತ್ತದೆ. ಆ ಎರಡನೆಯ ಹೆಣ್ಣೂ ನೆಂಟರ ಮನೆಯವಳೇ ಆದರೆ ಆಪತ್ತು ಮರಳಿ ಬರುವ ಸಂಭವವೇ ಹೆಚ್ಚು. ಅನ್ಯಾಯವೂ ಅಜ್ಞಾನವೂ ಇಲ್ಲಿ ಒಂದೇ ತೊಟ್ಟಿಲನ್ನು ತೂಗುತ್ತವೆ.

ಇದನ್ನು ತಿಳಿಸಬೇಕಾದವರು ಯಾರು? ವೈದ್ಯರಿಗೆ ವೇಳೆಯಿಲ್ಲ, ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಮದುವೆಯನ್ನು ನಿಶ್ಚಯಿಸುವ ಅಜ್ಜಿ, ಸೋದರಮಾವ, ದೊಡ್ಡಪ್ಪಂದಿರು ಮಾತನಾಡುವುದು ಕನ್ನಡದಲ್ಲಿ. ಅವರ ಮಾತಿನಲ್ಲಿ ಈ ವಿಷಯಕ್ಕೆ ಪದಗಳೇ ಇಲ್ಲದಿದ್ದರೆ ಚರ್ಚೆ ಎಲ್ಲಿಂದ ಹುಟ್ಟೀತು? ಇಲ್ಲಿ ಭಾಷಾಧ್ಯಾಪಕರ ಕೆಲಸ ವಿಜ್ಞಾನಾಧ್ಯಾಪಕರಿಗಿಂತ ಕಡಿಮೆಯಾದುದಲ್ಲ. ಪದ ಕಟ್ಟುವಲ್ಲಿ ಎಚ್ಚರವೂ ಬೇಕು. ಕೋಶದೊಳಗಣ ಬಲೆಯನ್ನು ‘ಅಂತರ್ಜಾಲ’ವೆಂದರೆ ಇಂದಿನ ಹುಡುಗರು ಇಂಟರ್ನೆಟ್ ಎಂದು ತಿಳಿದಾರು, ‘ಒಳಜಾಲಿಕೆ’ ಎಂದರೆ ಗೊಂದಲವಿಲ್ಲ. ‘ವಾಹಕ’ವೆಂಬ ಪದ ಕೇಳಿದವರಿಗೆ ರೋಗ ಹರಡುವವನೆಂಬ ಕೆಟ್ಟ ಅರ್ಥ ಹೊಳೆದೀತು; ‘ಒಂದು ಪ್ರತಿ ಕೆಟ್ಟ ಆರೋಗ್ಯವಂತ’ ಎಂದು ತುಸು ಉದ್ದವಾಗಿ ಹೇಳಿದರೂ ಅಪವಾದ ತಟ್ಟುವುದಿಲ್ಲ. ಒಂದು ಪದದ ಆಯ್ಕೆಯಿಂದ ಒಬ್ಬ ಹೆಣ್ಣುಮಗಳ ಮಾನ ಉಳಿಯಬಲ್ಲುದಾದರೆ ಪಂಡಿತನ ಶ್ರಮಕ್ಕೆ ಬೇರೆ ಫಲ ಬೇಕಿಲ್ಲ.

ಆದುದರಿಂದ ಗ್ರಾಮೀಣ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಜೀವಕೋಶದ ಅಂಚೆಯನ್ನೂ ಅದರ ರೋಗಗಳನ್ನೂ ಕುರಿತು ಒಂದೆರಡು ಪಾಠಗಳನ್ನು ಕನ್ನಡದಲ್ಲಿ ಹೇಳುವುದು ಅಗತ್ಯ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆತನದ ಮೂರು ತಲೆಗಳ ವಂಶವೃಕ್ಷವನ್ನು ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಬರೆಯಲು ಕಲಿತರೆ, ಆ ಹಾಳೆ ಅವನದಾಗಿ ಮನೆಯಲ್ಲಿಯೇ ಉಳಿದು ಮದುವೆಯ ವಯಸ್ಸಿನಲ್ಲಿ ಕೆಲಸಕ್ಕೆ ಬಂದೀತು. ಕಲಿತ ಮಾತನ್ನು ಮಗು ಮರೆಯತೊಡಗಿದರೆ, ಹೊಟ್ಟೆ ಉಬ್ಬಿ ಕೀಲು ಬಿಗಿಯತೊಡಗಿದರೆ, ಅದನ್ನು ಮೊದಲು ಗಮನಿಸಬಲ್ಲವರು ಶಿಶುವಿಹಾರದ, ಪ್ರಾಥಮಿಕ ಶಾಲೆಯ ಶಿಕ್ಷಕರು. ‘ದಡ್ಡ’ ಎಂದು ಹಿಂದಿನ ಸಾಲಿಗೆ ದೂಡದೆ ತಂದೆತಾಯಿಗಳನ್ನು ಕರೆದು ವೈದ್ಯರ ಬಳಿಗೆ ಕಳಿಸುವುದು ಅವರ ಕರ್ತವ್ಯ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿಂದ ಮುಂದೆ ಬೆಂಗಳೂರಿನ ಕೇಂದ್ರದ ಹಾದಿ ತಿಳಿದೀತು.

ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಮ್ಮ ಶಾಲೆಗೆ ಬಂದು, ನಂಟರೊಳಗಿನ ಮದುವೆಯ ಮಾತು ನಡೆದಿರುವ ಮನೆಗಳವರೊಡನೆ ಏಕಾಂತದಲ್ಲಿ, ಹೆಸರು ಹೊರಬೀಳದಂತೆ, ಕುಳಿತು ಮಾತನಾಡಬಹುದು. ದಾನಿಗಳ ಹಣದಿಂದ ಕೋಟಿ ಬೆಲೆಯ ಮದ್ದನ್ನು ಕೊಳ್ಳಲಾಗದು, ನಿಜ. ಆದರೆ ಬೆಂಗಳೂರಿಗೆ ಹೋಗಿಬರುವ ಬಡ ತಂದೆತಾಯಿಗಳ ರೈಲಿನ ಖರ್ಚು, ರಕ್ತಪರೀಕ್ಷೆಯ ಶುಲ್ಕ, ಅಲ್ಲಿ ನಾಲ್ಕು ದಿನ ತಂಗುವ ವೆಚ್ಚ, ಇವನ್ನು ಒಂದು ಚಿಕ್ಕ ನಿಧಿ ಹೊರಬಲ್ಲುದು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನಕ್ಕಿಂತ ಇದು ಕಣ್ಣಿಗೆ ಬೀಳುವುದು ಕಡಿಮೆ. ಆದರೆ ರೋಗದ ಹೆಸರೇ ತಿಳಿಯದೆ ಊರೂರು ಅಲೆಯುವ ದಂಪತಿಗಳಿಗೆ ಆ ಹೆಸರು ತಿಳಿಯುವುದೇ ಮೊದಲ ಸಮಾಧಾನ. ಎರಡನೆಯ ಮಗುವಿನ ವಿಚಾರದಲ್ಲಿ ಅವರು ಕಣ್ಣು ತೆರೆದು ನಿರ್ಧರಿಸಲು ಅದೇ ಆಧಾರ. ಶಿರೂರಿನ ಸುತ್ತಣ ಶಾಲೆಗಳು ಮುಂಬರುವ ಶೈಕ್ಷಣಿಕ ವರ್ಷದಲ್ಲಿ ಈ ಕೆಲಸವನ್ನು ಒಂದು ಪಾಠದಿಂದ, ಒಂದು ವಂಶವೃಕ್ಷದ ಹಾಳೆಯಿಂದ ಆರಂಭಿಸಲಿ.